ನೆಂಟರಿಗೆ ಬೀರುವಿನ ಕೀ ಯಾಕೆ?

ಓಎಸ್ ಲ್ಯಾಬ್ ಶುರುವಾದ ವಾರವೇ ನಮ್ಮಲ್ಲಿ ಹೆಚ್ಚಿನವರ ಲ್ಯಾಪ್‌ಟಾಪಿಗೆ ವರ್ಚುವಲ್‌ಬಾಕ್ಸ್ ಬಂದು ಕೂರುತ್ತೆ. ಹೊರಗೆ ವಿಂಡೋಸ್, ಒಳಗೆ ಉಬುಂಟು. ಮರುದಿನದ ಪ್ರಶ್ನೆಯೂ ಗೊತ್ತಿರೋದೇ: ವಿಂಡೋಸ್‌ನಲ್ಲಿರೋ ಫೈಲನ್ನ ಉಬುಂಟುಗೆ ತರೋದು ಹೇಗೆ? ಸೀನಿಯರ್‌ಗಳ ಉತ್ತರ ಸಿದ್ಧವಾಗಿರುತ್ತೆ. "ಶೇರ್ಡ್ ಫೋಲ್ಡರ್ಸ್‌ಗೆ ಹೋಗು, ಇಡೀ ಡಿ ಡ್ರೈವ್ ಸೇರಿಸ್ಬಿಡು, ಆಟೋ-ಮೌಂಟ್ ಟಿಕ್ ಮಾಡು, ಮುಗೀತು." ಈ ಸಲಹೆಯ ಕೊನೆಯ ಭಾಗ ಸರಿ. "ಇಡೀ ಡಿ ಡ್ರೈವ್" ಅನ್ನೋದಕ್ಕೆ ಮಾತ್ರ ನಮ್ಮ ವಿರೋಧ.

ಗೆಸ್ಟ್ ಅಂದ್ರೆ ನೆಂಟರು ತಾನೇ? ನೆಂಟರಿಗೆ ಒಂದು ರೂಮು ಬಿಟ್ಟುಕೊಡ್ತೀವಿ, ಬೀರುವಿನ ಕೀ ಕೊಡಲ್ಲ.

ವರ್ಚುವಲ್ ಮಷೀನ್ ಹಾಕಿಕೊಳ್ಳೋದೇ ಒಳಗೆ ಏನು ಕೆಟ್ಟರೂ ಹೊರಗೆ ತಾಗಬಾರದು ಅಂತ. "ಸ್ನ್ಯಾಪ್‌ಶಾಟ್ ಇದೆ, ಏನಾದ್ರೂ ಆದ್ರೆ ವಾಪಸ್ ಹೋದ್ರಾಯ್ತು" ಅಂತ ಧೈರ್ಯವಾಗಿರ್ತೀವಿ. ಆದರೆ ಸ್ನ್ಯಾಪ್‌ಶಾಟ್ ಹಿಡಿದಿಡೋದು ಗೆಸ್ಟ್‌ನ ವರ್ಚುವಲ್ ಡಿಸ್ಕನ್ನು, ಮಷೀನಿನ ಸೆಟ್ಟಿಂಗ್ಸನ್ನು, ಆಗ ಮಷೀನ್ ಓಡುತ್ತಿದ್ದರೆ ಅದರ ಮೆಮೊರಿಯನ್ನು. ಶೇರ್ಡ್ ಫೋಲ್ಡರ್ ಇರೋದು ಹೋಸ್ಟ್‌ನ ಡಿಸ್ಕ್‌ನಲ್ಲಿ. ಉಬುಂಟು ಟರ್ಮಿನಲ್‌ನಲ್ಲಿ ಕೂತು ಆರ್‌ಎಂ ಕಮಾಂಡ್‌ನಿಂದ ಅಲ್ಲಿನ ಫೈಲ್ ಅಳಿಸಿದರೆ ಅದು ವಿಂಡೋಸ್‌ನ ರಿಸೈಕಲ್ ಬಿನ್‌ಗೂ ಹೋಗಲ್ಲ, ಸ್ನ್ಯಾಪ್‌ಶಾಟ್‌ನಿಂದಲೂ ವಾಪಸ್ ಬರಲ್ಲ. ಡಿ ಡ್ರೈವ್‌ನಲ್ಲಿ ಏನಿರುತ್ತೆ? ಮಿನಿ ಪ್ರಾಜೆಕ್ಟ್ ರಿಪೋರ್ಟ್, ಅಕ್ಕನ ಮದುವೆ ಫೋಟೋ, ಅಪ್ಪನ ಪ್ಯಾನ್ ಕಾರ್ಡ್ ಸ್ಕ್ಯಾನ್. ಶೆಲ್ ಸ್ಕ್ರಿಪ್ಟ್ ಈಗಷ್ಟೇ ಕಲೀತಿರೋ ಕೈಗೆ ಇಷ್ಟೆಲ್ಲ ಒಡ್ಡೋ ಅಗತ್ಯ ಏನು?

ಇನ್ನೊಂದು ನೋಡಿ. ಶೇರ್ಡ್ ಫೋಲ್ಡರ್ ಒಳಗೇ ಎನ್‌ಪಿಎಂ ಇನ್‌ಸ್ಟಾಲ್ ಕೊಟ್ಟರೆ ಬಹಳಷ್ಟು ಸಲ ಎರರ್ ಬರುತ್ತೆ. ಕಾರಣ, ಗೆಸ್ಟ್ ಅಲ್ಲಿ ಸಿಮ್‌ಲಿಂಕ್ ಸೃಷ್ಟಿಸೋದನ್ನ ವರ್ಚುವಲ್‌ಬಾಕ್ಸ್ ಭದ್ರತೆಗೆಂದೇ ಡೀಫಾಲ್ಟ್ ಆಗಿ ತಡೆದಿದೆ. ಗೆಸ್ಟ್ ಮೇಲೆ ನಂಬಿಕೆ ಇದ್ದರೆ ಮಾತ್ರ ಅದನ್ನ ತೆರೆಯಿರಿ ಅನ್ನೋದು ತಯಾರಿಸಿದವರದೇ ಮಾತು. ಅವರೇ ಗೆಸ್ಟನ್ನ ಪೂರ್ತಿ ನಂಬಿಲ್ಲ, ನಾವು ನಂಬಿ ಕೂತಿದ್ದೀವಿ! ಎರರ್ ಹೋಗಲಿ ಅಂತ ಆ ಬೀಗ ತೆಗೆಯೋ ಬದಲು ಪ್ರಾಜೆಕ್ಟನ್ನ ಗೆಸ್ಟ್‌ನ ಹೋಮ್ ಫೋಲ್ಡರ್‌ನಲ್ಲೇ ಇಟ್ಟು ಗಿಟ್ ಬಳಸೋದು ವಾಸಿ.

ಪರ್ಮಿಷನ್ ಡಿನೈಡ್ ಕಥೆಯೂ ಹೀಗೇ. ಆಟೋ-ಮೌಂಟ್ ಆದ ಫೋಲ್ಡರ್‌ನ ಒಡೆಯ ರೂಟ್, ಗುಂಪು ವಿಬಾಕ್ಸ್‌ಎಸ್‌ಎಫ್. ನಮ್ಮ ಯೂಸರನ್ನ ಆ ಗುಂಪಿಗೆ ಸೇರಿಸಿ, ಲಾಗ್ ಔಟ್ ಆಗಿ ಮತ್ತೆ ಲಾಗಿನ್ ಆದ್ರೆ ಸಾಕು. ಅದು ಬಿಟ್ಟು ಸಿಎಚ್‌ಮಾಡ್ 777 ಹೊಡೀತಾ ಕೂರೋರೇ ಜಾಸ್ತಿ. ಅದರಿಂದ ಇಲ್ಲಿ ಏನೂ ಪ್ರಯೋಜನ ಇಲ್ಲ, ಕೆಟ್ಟ ಅಭ್ಯಾಸವೊಂದು ಅಂಟಿಕೊಳ್ಳುತ್ತೆ ಅಷ್ಟೇ.

"ಪ್ರತಿ ಸಲ ಕಾಪಿ ಮಾಡ್ತಾ ಕೂರೋಕಾಗುತ್ತಾ? ವರ್ಚುವಲ್ ಡಿಸ್ಕ್‌ನಲ್ಲಿ ಜಾಗ ಎಲ್ಲಿದೆ?" ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಎಂಎಲ್ ಪ್ರಾಜೆಕ್ಟಿನ ದೊಡ್ಡ ಡೇಟಾಸೆಟ್ ಹೋಸ್ಟ್‌ನಲ್ಲೇ ಇರಲಿ, ಆ ಒಂದು ಫೋಲ್ಡರ್ ಮಾತ್ರ ಶೇರ್ ಮಾಡಿ, ರೀಡ್-ಓನ್ಲಿ ಟಿಕ್ ಮಾಡಿ. ಓದೋಕೆ ಅಷ್ಟು ಸಾಕು. ಬರೆಯೋದಕ್ಕೆ ಬೇಕಾದರೆ ಬೇರೆ ಖಾಲಿ ಫೋಲ್ಡರ್ ಮಾಡ್ಕೊಳ್ಳಿ. ಸೈಬರ್ ಸೆಕ್ಯುರಿಟಿ ಎಲೆಕ್ಟಿವ್ ತಗೊಂಡು ಮಾಲ್‌ವೇರ್ ಓಡಿಸಿ ನೋಡೋರಿಗೆ ಮಾತ್ರ ನಮ್ಮ ಮಾತು ಇನ್ನೂ ಬಿಗಿ: ಶೇರ್ಡ್ ಫೋಲ್ಡರೇ ಬೇಡ. ರಾನ್ಸಮ್‌ವೇರ್‌ಗೆ ಬರೆಯೋ ಅನುಮತಿ ಇರೋ ಫೋಲ್ಡರ್ ಸಿಕ್ಕರೆ, ಅದು ಹೋಸ್ಟ್‌ನದೋ ಗೆಸ್ಟ್‌ನದೋ ಅಂತ ನೋಡಲ್ಲ.

ನಮ್ಮ ಲ್ಯಾಬ್ ಮ್ಯಾನ್ಯುವಲ್‌ನ ಸ್ಕ್ರೀನ್‌ಶಾಟ್‌ನಲ್ಲೂ ಇಡೀ ಡ್ರೈವೇ ಶೇರ್ ಆಗಿದೆ. ಜೂನಿಯರ್‌ಗಳು ಅದನ್ನೇ ನೋಡಿ ಮಾಡ್ತಾರೆ, ಅವರ ತಪ್ಪಲ್ಲ. ಮುಂದಿನ ಸೆಮಿಸ್ಟರ್‌ಗೆ ಮ್ಯಾನ್ಯುವಲ್ ಮತ್ತೆ ಪ್ರಿಂಟ್ ಆಗುತ್ತಂತೆ. ಆ ಒಂದು ಚಿತ್ರ ಬದಲಾಯಿಸಿ, ಪಕ್ಕದಲ್ಲಿ ರೀಡ್-ಓನ್ಲಿ ಬಗ್ಗೆ ಒಂದು ಸಾಲು ಸೇರಿಸಿ ಅಂತ ಲ್ಯಾಬ್ ಮೇಡಂ ಅವರನ್ನ ಕೇಳ್ಕೊಳ್ತೀವಿ. ಹೊಸ ಸ್ಕ್ರೀನ್‌ಶಾಟ್ ತೆಗೆದುಕೊಡೋ ಕೆಲಸ ನಮಗಿರಲಿ.