ಮಾತ್ರೆಯೋ, ಜೆಲ್ಲೋ: ಆಯ್ಕೆಗೆ ಮುನ್ನ ಒಂದು ಪ್ರಶ್ನೆ

ಕೋಲಾರದ ಚಿನ್ನದ ಗಣಿಗಳು ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಗಂಡಸರ ನೌಕರಿ ಹೋದ ಮೇಲೆ ಅನೇಕ ಮನೆಗಳ ಭಾರ ಹೆಂಗಸರ ಹೆಗಲಿಗೆ ಬಂತು. ಮಾರಿಕುಪ್ಪಂನಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೊರಡುವ ಮುಂಜಾನೆಯ ರೈಲುಗಳಲ್ಲಿ ದುಡಿಮೆಗೆ ಹೊರಟ ಮಹಿಳೆಯರನ್ನು ಇಂದಿಗೂ ಕಾಣಬಹುದು. ಗಣಿ ಮುಚ್ಚಿದಾಗ ಇಪ್ಪತ್ತರ ಆಸುಪಾಸಿನಲ್ಲಿದ್ದವರು ಈಗ ಋತುಬಂಧದ ವಯಸ್ಸಿಗೆ ಬಂದಿದ್ದಾರೆ. ಭಾರತದಲ್ಲಿ ಈ ವಯಸ್ಸು ಸರಾಸರಿ 46-47; ಪಾಶ್ಚಾತ್ಯ ದೇಶಗಳಲ್ಲಿ 51ರ ಸುಮಾರು.

ಮೈಗೆ ಬೆಂಕಿ ಹತ್ತಿದಂತಾಗುವುದು, ರಾತ್ರಿ ಬೆವರು, ನಿದ್ರಾಹೀನತೆ ಇವೆಲ್ಲ ಕೆಲವರಿಗೆ ಸಹ್ಯ, ಕೆಲವರಿಗೆ ದುಸ್ಸಹ. ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲವೂ ನಾನು ನೋಡಿದ ಕಡತಗಳಲ್ಲಿ ಮಹಿಳೆಯ ಆರೋಗ್ಯವೆಂದರೆ ಹೆರಿಗೆ ಮತ್ತು ಕುಟುಂಬ ಯೋಜನೆ. ಹೆರುವ ವಯಸ್ಸು ಮುಗಿದೊಡನೆ ಆಕೆ ಕಡತದಿಂದಲೇ ಮರೆಯಾಗುತ್ತಿದ್ದಳು.

ಇದಕ್ಕೆ ಹಾರ್ಮೋನ್ ಬದಲಿ ಚಿಕಿತ್ಸೆ ಇದೆ. 2002ರಲ್ಲಿ ಅಮೆರಿಕದ ಬೃಹತ್ ಅಧ್ಯಯನವೊಂದು ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಹಾಗೂ ರಕ್ತ ಹೆಪ್ಪುಗಟ್ಟುವಿಕೆಯ ಅಪಾಯವನ್ನು ತೋರಿಸಿದಾಗ ಜಗತ್ತೇ ಬೆದರಿತು. ಆದರೆ ಅದರಲ್ಲಿ ಭಾಗವಹಿಸಿದವರ ಸರಾಸರಿ ವಯಸ್ಸು 63. ಅವರು ಸೇವಿಸಿದ್ದು ಮಾತ್ರೆ. ಅರವತ್ತರೊಳಗೆ, ಋತುಬಂಧವಾದ ಹತ್ತು ವರ್ಷಗಳೊಳಗೆ ಆರಂಭಿಸಿದರೆ ಬಹುತೇಕ ಆರೋಗ್ಯವಂತರಿಗೆ ಅಪಾಯಕ್ಕಿಂತ ಲಾಭ ಹೆಚ್ಚು ಎಂಬುದು ವೈದ್ಯಲೋಕದ ಇಂದಿನ ನಿಲುವು. ಸ್ತನ ಕ್ಯಾನ್ಸರ್ ಬಂದವರಿಗೆ ಸಾಮಾನ್ಯವಾಗಿ ಇದು ಸಲ್ಲದು. ಗರ್ಭಕೋಶ ಇರುವವರಿಗೆ ಈಸ್ಟ್ರೊಜೆನ್ ಜೊತೆಗೆ ಪ್ರೊಜೆಸ್ಟೆರಾನ್ ವರ್ಗದ ಔಷಧವೂ ಬೇಕು.

ತಂಬಾಕಿನ ಪ್ರಶ್ನೆ ಏಳುವುದು ಇಲ್ಲಿಯೇ. ಧೂಮಪಾನಿಗಳಿಗೆ ಋತುಬಂಧ ಒಂದೆರಡು ವರ್ಷ ಮುಂಚೆಯೇ ಬರುತ್ತದೆ. ನುಂಗಿದ ಈಸ್ಟ್ರೊಜೆನ್ ಮೊದಲು ಯಕೃತ್ತನ್ನು ಹಾದುಹೋಗಬೇಕು. ಹೊಗೆಯಲ್ಲಿರುವ ರಾಸಾಯನಿಕಗಳು ಅಲ್ಲಿಯ ಕಿಣ್ವಗಳನ್ನು ಚುರುಕುಗೊಳಿಸುವುದರಿಂದ ಔಷಧ ಬೇಗನೆ ಕರಗಿಹೋಗುತ್ತದೆ. ಮೇಲಾಗಿ, ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಧೂಮಪಾನದಿಂದ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಮೊದಲೇ ಹೆಚ್ಚಿರುತ್ತದೆ. ಚರ್ಮದ ಮೂಲಕ ಸೇರುವ ಜೆಲ್ ಅಥವಾ ಪ್ಯಾಚ್ ಯಕೃತ್ತಿನ ಈ ಮೊದಲ ಸುತ್ತನ್ನು ತಪ್ಪಿಸುತ್ತದೆ. ಆದ್ದರಿಂದಲೇ ಬೀಡಿ, ಸಿಗರೇಟು ಸೇದುವವರಿಗೆ ವೈದ್ಯರು ಇವನ್ನೇ ಮೇಲೆಂದು ಪರಿಗಣಿಸುತ್ತಾರೆ.

ಯಕೃತ್ತಿನ ಮೇಲಿನ ಈ ಪರಿಣಾಮ ಹೊಗೆಯದು, ನಿಕೋಟಿನ್‌ನದಲ್ಲ. ಆದ್ದರಿಂದ ಸಿಗರೇಟು ಬಿಡಲು ನಿಕೋಟಿನ್ ಗಮ್ ಜಗಿಯುವವಳು ಸೇದುವವಳಿಗೆ ಸಮಾನಳಲ್ಲ. ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಹಾಕುವವಳ ಲೆಕ್ಕ ಬೇರೆ: ಅಲ್ಲಿ ಹೊಗೆಯಿಲ್ಲ, ಆದರೆ ಬಾಯಿ ಕ್ಯಾನ್ಸರಿನ ಭಯ ಇದ್ದೇ ಇದೆ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸೇದುವ ಮಹಿಳೆಯರು ಶೇ 2, ಜಗಿಯುವವರು ಶೇ 12.8. ಹೀಗಿರುವಾಗ 'ಸಿಗರೇಟು ಸೇದುತ್ತೀರಾ?' ಎಂಬೊಂದೇ ಪ್ರಶ್ನೆ ನಮ್ಮ ಊರುಗಳಲ್ಲಿ ಸಾಲದು. ಅದನ್ನು ಕೇಳಲು ವೈದ್ಯರಿಗೆ ಸಂಕೋಚ, ಹೇಳಲು ಆಕೆಗೆ ನಾಚಿಕೆ. ಈ ಮೌನದ ನಡುವೆ ಔಷಧದ ಚೀಟಿ ಬರೆಯಲ್ಪಡುತ್ತದೆ.

ಮಾಹಿತಿ ಇಲ್ಲದ ಕಡೆ ಆಯ್ಕೆಯೂ ಇರುವುದಿಲ್ಲವೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಮಾಹಿತಿ ಇದ್ದೂ ಕೊಳ್ಳುವ ಶಕ್ತಿ ಇಲ್ಲದಿದ್ದರೆ ಅದೂ ಆಯ್ಕೆಯಲ್ಲ. ನಿಕೋಟಿನ್ ಬದಲಿ ಔಷಧಗಳನ್ನು 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಲಾಯಿತು; ಅವು ಬಂಗಾರಪೇಟೆಯ ತಾಲ್ಲೂಕು ಆಸ್ಪತ್ರೆಯಂತಹ ಕಡೆಗಳಲ್ಲಿ ತಪ್ಪದೆ ದೊರೆಯಬೇಕು. ಈಸ್ಟ್ರೊಜೆನ್ ಜೆಲ್ ಸಹ ಬೆಂಗಳೂರಿನ ಖಾಸಗಿ ಚಿಕಿತ್ಸಾಲಯಗಳ ಸೌಲಭ್ಯವಾಗಿಯಷ್ಟೇ ಉಳಿಯಬಾರದು. ನಲವತ್ತೈದು ದಾಟಿ ಬರುವ ಪ್ರತಿ ಮಹಿಳೆಯ ಹೊರರೋಗಿ ಚೀಟಿಯಲ್ಲಿ ಋತುಬಂಧ ಹಾಗೂ ತಂಬಾಕಿನ ಬಗ್ಗೆ ಎರಡು ಸಾಲು ಬರೆಯುವುದಕ್ಕೆ ಹೊಸ ಅನುದಾನವೇನೂ ಬೇಡ.

'ಖಜಾನೆಗೆ ಇದೊಂದು ಹೊರೆ' ಎನ್ನುವವರಿದ್ದಾರೆ. ನಿದ್ರೆಯಿಲ್ಲದೆ ಬೆಳಗಿನ ರೈಲು ಹಿಡಿಯಲಾಗದವಳು ಕೆಲಸ ಬಿಟ್ಟರೆ ಹೋಗುವುದು ಒಂದು ಇಡೀ ಮನೆಯ ಆದಾಯ. ಆ ನಷ್ಟ ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ. ತಂಬಾಕು ಬಿಡಿಸುವುದೇ ಮೊದಲ ಗುರಿಯಾಗಲಿ. 1800-11-2356 ಎಂಬ ಉಚಿತ ಸಹಾಯವಾಣಿಯೂ ಇದೆ. ಆದರೆ ಬಿಡುವವರೆಗೂ ಚಿಕಿತ್ಸೆಯೇ ಇಲ್ಲವೆಂದು ಬಾಗಿಲು ಮುಚ್ಚುವುದು ವೈದ್ಯಧರ್ಮವಲ್ಲ. ತಂಬಾಕಿನ ಪ್ರಶ್ನೆ ಕೇಳಬೇಕಾದದ್ದು ಆಕೆಯ ನಡತೆಯನ್ನು ಅಳೆಯಲು ಅಲ್ಲ, ಆಕೆಗೆ ಒಗ್ಗುವ ಔಷಧವನ್ನು ಆರಿಸಲು.