ಅಯಸ್ಕಾಂತಕ್ಕೆ ಅಂಟುವ ಕಪ್ಪು ಕಲ್ಲೆಲ್ಲ ಉಲ್ಕಾಶಿಲೆಯೇ? ಕಬ್ಬಿಣ, ಟೈಟಾನಿಯಂ ಅದಿರು ಹುಟ್ಟುವ ಬಗೆ ಹೀಗಿದೆ

ಅಂಗೈ ಮೇಲೊಂದು ತೂಕದ ಕಪ್ಪು ಕಲ್ಲು. ಅದಕ್ಕೆ ಟಪ್ಪನೆ ಅಂಟಿಕೊಳ್ಳುವ ಅಯಸ್ಕಾಂತ. ಜೊತೆಗೆ, “ಇದು ಆಕಾಶದಿಂದ ಬಿದ್ದ ಉಲ್ಕಾಶಿಲೆ, ಬೆಲೆ ಕೋಟಿಗಟ್ಟಲೆ, ನಿಮ್ಮ ಹೊಲದಲ್ಲೂ ಹುಡುಕಿ” ಎಂಬ ಬರಹ. ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಕಲ್ಲು ಸಿಕ್ಕಿದ ಖುಷಿಯಲ್ಲಿ, “ಮಾರಿಸಿ ಕೊಡುತ್ತೇವೆ, ಮೊದಲು ಪರೀಕ್ಷೆಯ ಖರ್ಚು ಕಳಿಸಿ” ಎನ್ನುವವರ ಬಲೆಗೆ ಬಿದ್ದರೆ ಕೈಯಲ್ಲಿದ್ದ ದುಡ್ಡೂ ಹೋಗುತ್ತದೆ.

ಮೊದಲೇ ಹೇಳಿಬಿಡುತ್ತೇವೆ: ಅಯಸ್ಕಾಂತ ಅಂಟಿದರೆ ಕಲ್ಲಿನಲ್ಲಿ ಕಬ್ಬಿಣ ಇದೆ ಎಂದು ತಿಳಿಯುತ್ತದೆ. ಅದು ಎಲ್ಲಿಂದ ಬಂತು ಎಂದು ತಿಳಿಯುವುದಿಲ್ಲ. ಹೀಗೆ ಅಂಟುವ ಕಪ್ಪು ಕಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು. ಅದು ಹುಟ್ಟಿದ್ದು ನಮ್ಮ ಭೂಮಿಯಲ್ಲೇ.

ತುಪ್ಪ ಹರಳುಗಟ್ಟುವಂತೆ

ನೆಲದಾಳದ ಕರಗಿದ ಬಂಡೆಯೇ ಮ್ಯಾಗ್ಮಾ, ಅಂದರೆ ಶಿಲಾಪಾಕ. ಬೆಸಾಲ್ಟ್ ಬಗೆಯ ಮ್ಯಾಗ್ಮಾದ ಬಿಸಿ ಸುಮಾರು 1,200 ಡಿಗ್ರಿ ಸೆಲ್ಸಿಯಸ್. ಇದರ 100 ಕಿಲೋದಲ್ಲಿ ಕಬ್ಬಿಣದ ಆಕ್ಸೈಡ್ ಹೆಚ್ಚುಕಡಿಮೆ 10 ಕಿಲೋ, ಟೈಟಾನಿಯಂ ಆಕ್ಸೈಡ್ ಒಂದೆರಡು ಕಿಲೋ. ಇದನ್ನು ಅದಿರು ಎನ್ನಲಾಗದು. ಚದುರಿ ಹೋಗಿರುವ ಕಬ್ಬಿಣ ಒಂದೆಡೆ ಸೇರಬೇಕು.

ಅದನ್ನು ಸೇರಿಸುವುದು ನಿಧಾನವಾದ ತಣಿಯುವಿಕೆ. ಕಾಯಿಸಿದ ತುಪ್ಪವನ್ನು ಹಾಗೇ ಬಿಟ್ಟರೆ ತಳದಲ್ಲಿ ಹರಳುಹರಳಾದ ತುಪ್ಪ ಕೂರುತ್ತದೆ, ಮೇಲೆ ಇನ್ನೂ ತಿಳಿಯಾದ ತುಪ್ಪ ಉಳಿದಿರುತ್ತದೆ. ಮ್ಯಾಗ್ಮಾದಲ್ಲೂ ಎಲ್ಲ ಖನಿಜಗಳು ಒಟ್ಟಿಗೆ ಗಟ್ಟಿಯಾಗುವುದಿಲ್ಲ. ಮೊದಲು ಹರಳಾಗುವ ಖನಿಜಗಳು ಮೆಗ್ನೀಸಿಯಂ, ಕ್ಯಾಲ್ಸಿಯಂ, ಸಿಲಿಕಾಗಳನ್ನು ಹೆಚ್ಚಾಗಿ ಎಳೆದುಕೊಳ್ಳುತ್ತವೆ. ಟೈಟಾನಿಯಂ ಅನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ, ಕಬ್ಬಿಣವನ್ನೂ ಪೂರ್ತಿ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಉಳಿದ ದ್ರವದಲ್ಲಿ ಈ ಎರಡರ ಪಾಲು ಏರುತ್ತಾ ಹೋಗುತ್ತದೆ.

ಇಲ್ಲಿ ಆಮ್ಲಜನಕದ ಪಾತ್ರ ದೊಡ್ಡದು. ಅದು ಹೆಚ್ಚಿದ್ದರೆ ಮ್ಯಾಗ್ನೆಟೈಟ್ ಬೇಗನೆ ಹರಳಾಗಿ ಅಲ್ಲಲ್ಲಿ ಚದುರಿಹೋಗುತ್ತದೆ. ಕಡಿಮೆ ಇದ್ದರೆ ಕಬ್ಬಿಣ ದ್ರವದಲ್ಲೇ ಕೂಡುತ್ತಾ ಬಂದು, ಕೊನೆಯ ಹಂತಗಳಲ್ಲಿ ಮ್ಯಾಗ್ನೆಟೈಟ್ ಮತ್ತು ಇಲ್ಮೆನೈಟ್ ಹರಳುಗಳು ಒಮ್ಮೆಗೇ ಹೇರಳವಾಗಿ ಹುಟ್ಟುತ್ತವೆ. ಇಲ್ಮೆನೈಟ್ ಎಂದರೆ ಕಬ್ಬಿಣ, ಟೈಟಾನಿಯಂ ಎರಡೂ ಇರುವ ಆಕ್ಸೈಡ್.

ಮ್ಯಾಗ್ನೆಟೈಟ್ ನೀರಿಗಿಂತ 5 ಪಟ್ಟು ಭಾರ, ಸುತ್ತಲಿನ ಮ್ಯಾಗ್ಮಾ 3 ಪಟ್ಟಿಗಿಂತ ಕಡಿಮೆ. ಅಕ್ಕಿ ತೊಳೆಯುವಾಗ ಕಲ್ಲು ತಳಕ್ಕಿಳಿಯುವಂತೆ ಈ ಹರಳುಗಳು ಇಳಿದು ಪದರವಾಗಿ ಕೂರುತ್ತವೆ. ಕೆಲವೆಡೆ ಎಣ್ಣೆ ನೀರು ಬೇರೆಯಾಗುವಂತೆ ಕಬ್ಬಿಣ ತುಂಬಿದ ದ್ರವವೇ ಬೇರ್ಪಟ್ಟಿರಬಹುದು ಎಂಬ ವಾದವೂ ಇದೆ. ಈ ಚರ್ಚೆ ಇನ್ನೂ ಮುಗಿದಿಲ್ಲ.

ಎಲ್ಲೆಲ್ಲಿ ಇದೆ?

ದಕ್ಷಿಣ ಆಫ್ರಿಕಾದ ಬುಷ್‌ವೆಲ್ಡ್‌ನಲ್ಲಿ ಸುಮಾರು 205 ಕೋಟಿ ವರ್ಷ ಹಿಂದೆ ತಣಿದ ಮ್ಯಾಗ್ಮಾದಲ್ಲಿ ಇಂಥ 20ಕ್ಕೂ ಹೆಚ್ಚು ಪದರಗಳಿವೆ. ಮುಖ್ಯ ಪದರದ ದಪ್ಪ ಒಂದೆರಡು ಮೀಟರ್ ಅಷ್ಟೇ, ಆದರೆ ಅದು 100 ಕಿಲೋಮೀಟರ್‌ಗೂ ಹೆಚ್ಚು ದೂರ ಸಾಗುತ್ತದೆ. ಚೀನಾದ ಪಾಂಝಿಹುವಾ ನಿಕ್ಷೇಪಕ್ಕೆ ಸುಮಾರು 26 ಕೋಟಿ ವರ್ಷ. ನಾರ್ವೆಯ ಟೆಲ್ನೆಸ್‌ನಲ್ಲಿ ಇಲ್ಮೆನೈಟ್ ತೆಗೆಯುತ್ತಾರೆ. ಅದರಿಂದ ಸಿಗುವ ಟೈಟಾನಿಯಂ ಡೈಆಕ್ಸೈಡ್ ಅಚ್ಚ ಬಿಳಿ ಪುಡಿ. ಗೋಡೆಯ ಬಿಳಿ ಬಣ್ಣದಲ್ಲಿ, ಟೂತ್‌ಪೇಸ್ಟ್‌ನಲ್ಲಿ ಬಳಸುವುದು ಇದನ್ನೇ.

ಟೈಟಾನಿಯಂ ಪತ್ತೆಯಾದದ್ದು ಕೂಡ ಅಯಸ್ಕಾಂತ ಸೆಳೆಯುತ್ತಿದ್ದ ಕಪ್ಪು ಮರಳಿನಿಂದಲೇ. 1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಪಾದ್ರಿ ವಿಲಿಯಂ ಗ್ರೆಗರ್ ಅಂಥ ಮರಳನ್ನು ಪರೀಕ್ಷಿಸಿ, ಕಬ್ಬಿಣದ ಜೊತೆ ಇನ್ನೊಂದು ಹೊಸ ಲೋಹ ಇದೆ ಎಂದು ಕಂಡುಕೊಂಡರು.

ನಮ್ಮ ರಾಜ್ಯದ ಕಥೆ

ಕರ್ನಾಟಕದಲ್ಲೂ ಮ್ಯಾಗ್ಮಾದಿಂದ ಹುಟ್ಟಿದ ಇಂಥ ಟೈಟಾನಿಯಂ ಬೆರೆತ ಮ್ಯಾಗ್ನೆಟೈಟ್ ಇದೆ. ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಭಾಗ, ಚನ್ನಗಿರಿ ಸುತ್ತಲಿನ ಮಸಣಿಕೆರೆ ಇದಕ್ಕೆ ಹೆಸರಾದ ಜಾಗಗಳು. ಆ ಕಡೆಯ ಹೊಲದಲ್ಲಿ ಅಯಸ್ಕಾಂತಕ್ಕೆ ಅಂಟುವ ಕಲ್ಲು ಸಿಕ್ಕರೆ ಅಚ್ಚರಿಯೇನಿಲ್ಲ.

ಆದರೆ ಕಬ್ಬಿಣದ ಅದಿರೆಲ್ಲ ಮ್ಯಾಗ್ಮಾದಿಂದಲೇ ಬಂತು ಎಂಬುದೂ ತಪ್ಪು. ಸಂಡೂರು, ಬಳ್ಳಾರಿ, ಕುದುರೆಮುಖದ ಅದಿರಿನ ಮೂಲ ಪುರಾತನ ಸಮುದ್ರ. 250 ಕೋಟಿ ವರ್ಷಕ್ಕೂ ಹಿಂದೆ ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕೆ ಕೂತು ಪಟ್ಟೆಪಟ್ಟೆ ಬಂಡೆಯಾಯಿತು. ಒಂದೇ ಲೋಹ, ದಾರಿ ಎರಡು.

ಮನೆಯಲ್ಲೇ ನೋಡುವುದು ಹೇಗೆ?

ಹೊಳಪಿಲ್ಲದ ಟೈಲ್ಸ್‌ನ ಹಿಂಬದಿಗೆ ಕಲ್ಲನ್ನು ಗಟ್ಟಿಯಾಗಿ ಗೀರಿ. ಕಪ್ಪು ಗೆರೆ ಬಿದ್ದರೆ ಅದು ಮ್ಯಾಗ್ನೆಟೈಟ್ ಇರುವ ಸಾಧ್ಯತೆ ಹೆಚ್ಚು. ಕೆಂಪು ಕಂದು ಗೆರೆ ಬಿದ್ದರೆ ಹೆಮಟೈಟ್. ಉಲ್ಕಾಶಿಲೆ ಸಾಮಾನ್ಯವಾಗಿ ಇಂಥ ಗೆರೆ ಬಿಡುವುದಿಲ್ಲ. ಇದು ಮೊದಲ ಸೋಸುವಿಕೆ ಮಾತ್ರ. ಉಲ್ಕೆಯಲ್ಲಿ ಕಬ್ಬಿಣದ ಜೊತೆ ನಿಕ್ಕಲ್ ಇರುತ್ತದೆ, ಅದನ್ನು ಪ್ರಯೋಗಾಲಯವೇ ಹೇಳಬೇಕು.

ಅನುಮಾನ ಉಳಿದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೋ ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೋ ಕಲ್ಲನ್ನು ತೋರಿಸಿ. ಫೋಟೊ ನೋಡಿಯೇ ಕೋಟಿ ಬೆಲೆ ಕಟ್ಟಿ ಮುಂಗಡ ಕೇಳುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಆ ವಿಡಿಯೊ ಮತ್ತೆ ಬಂದರೆ ಮುಂದೆ ಕಳಿಸುವ ಬದಲು ಈ ಮಾಹಿತಿಯನ್ನು ಹಂಚಿಕೊಳ್ಳಿ.