ಖಾಲಿ ಕಂಡದ್ದೆಲ್ಲ ಬಿಡುವಲ್ಲ



ನಿಮ್ಮ ಮೊಬೈಲಿನಲ್ಲಿರುವ ಡಿಜಿಟಲ್ ಸಹಾಯಕನಿಗೆ, “ಗುರುವಾರ ಹನ್ನೊಂದೂವರೆಗೆ ಕ್ಲಸ್ಟರ್ ಸಭೆ ಇದೆ, ಸೇರಿಸು” ಎಂದು ಹೇಳಿ ನೋಡಿ. ಕ್ಷಣಮಾತ್ರದಲ್ಲಿ ಅದು ಕ್ಯಾಲೆಂಡರಿನಲ್ಲಿ ಕಾಣಿಸಿಕೊಳ್ಳುತ್ತದೆ. ಅದೇ ಹೊತ್ತಿಗೆ ಐದನೇ ತರಗತಿಯ ಮಕ್ಕಳು ಪರಿಸರ ಅಧ್ಯಯನದ ಪುಸ್ತಕ ತೆರೆದು ನಿಮಗಾಗಿ ಕಾದಿರುತ್ತಾರೆಂಬುದು ಅದಕ್ಕೆ ಗೊತ್ತೇ? ಗೊತ್ತಿರಲು ಸಾಧ್ಯವೇ ಇಲ್ಲ. ಶಾಲೆಯ ವೇಳಾಪಟ್ಟಿ ಇರುವುದು ಮುಖ್ಯ ಶಿಕ್ಷಕರ ಕೊಠಡಿಯ ಗೋಡೆಯ ಮೇಲೆ. ಯಂತ್ರ ನೋಡುವುದು ಕ್ಯಾಲೆಂಡರನ್ನು ಮಾತ್ರ. ಅಲ್ಲಿ ಖಾಲಿ ಕಂಡದ್ದೆಲ್ಲ ಅದರ ಲೆಕ್ಕದಲ್ಲಿ ಬಿಡುವು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಸಭೆಗಳನ್ನು ಸಹಾಯಕನ ಕೈಗೆ ಒಪ್ಪಿಸುವ ಮೊದಲು ಪಾಠದ ಅವಧಿಗಳನ್ನು ಅದಕ್ಕೆ ಒಪ್ಪಿಸಬೇಕು.

ಇದು ಸಣ್ಣ ವಿಷಯವೆಂದು ತೋರಬಹುದು. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯನ್ನು ನೋಡಿ. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, 800 ಗಂಟೆ ಬೋಧನೆ. ಅಂದರೆ ದಿನಕ್ಕೆ ಸರಾಸರಿ ನಾಲ್ಕು ಗಂಟೆ. ವಾರಕ್ಕೆ 40 ನಿಮಿಷದ ಒಂದೇ ಒಂದು ಅವಧಿ ಸಭೆಯ ಪಾಲಾಯಿತೆನ್ನಿ. ಮೂವತ್ತು ವಾರಕ್ಕೆ 1200 ನಿಮಿಷ, ಅಂದರೆ 20 ಗಂಟೆ. ಮಕ್ಕಳ ಐದು ಪೂರ್ಣ ದಿನಗಳು ಹೋದಂತೆ!

ಸಹಾಯಕ ಎರಡು ಕೆಲಸಗಳ ಘರ್ಷಣೆಯನ್ನು ಪತ್ತೆ ಹಚ್ಚುವ ಬಗೆ ಸರಳ. ಮೊದಲನೆಯದು ಮುಗಿಯುವ ಮುನ್ನ ಎರಡನೆಯದು ಆರಂಭವಾಗುತ್ತದೆಯೇ? ಎರಡನೆಯದು ಮುಗಿಯುವ ಮುನ್ನ ಮೊದಲನೆಯದು ಆರಂಭವಾಗುತ್ತದೆಯೇ? ಎರಡಕ್ಕೂ ಉತ್ತರ ‘ಹೌದು’ ಎಂದಾದರೆ ಘರ್ಷಣೆ. ಕಪ್ಪುಹಲಗೆಯ ಮೇಲೆ ಸಂಖ್ಯಾರೇಖೆ ಎಳೆದು ಐದನೇ ತರಗತಿಯ ಮಕ್ಕಳಿಂದಲೇ ಇದನ್ನು ಮಾಡಿಸಬಹುದು. 11ರಿಂದ 11.40ರವರೆಗೆ ಪಾಠ, 11.30ಕ್ಕೆ ಸಭೆ: ಘರ್ಷಣೆ. ಸಭೆ 11.40ಕ್ಕೆ ಎಂದರೆ? ಯಂತ್ರದ ಪ್ರಕಾರ ತೊಂದರೆಯೇ ಇಲ್ಲ. ಆದರೆ ಕ್ಲಸ್ಟರ್ ಕೇಂದ್ರ ಆರು ಕಿಲೋಮೀಟರ್ ದೂರವಿದ್ದು, ಇರುವುದು ಒಂದೇ ಬಸ್ಸಾದರೆ? ಪ್ರಯಾಣವನ್ನೂ ಒಂದು ಕೆಲಸವೆಂದು ಬರೆಯದ ಹೊರತು ಅದು ಲೆಕ್ಕಕ್ಕೆ ಬರುವುದಿಲ್ಲ.

ಗೂಗಲ್ ಕ್ಯಾಲೆಂಡರಿನಲ್ಲಿ ಇದನ್ನೆಲ್ಲ ಹೊಂದಿಸಬಹುದು. ಪ್ರತಿ ಅವಧಿಯನ್ನೂ ‘ಪ್ರತಿ ವಾರ ಮರುಕಳಿಸುವ’ ಕೆಲಸವಾಗಿ ಸೇರಿಸಿ, ‘ಬಿಡುವಿಲ್ಲ’ ಎಂದು ಗುರುತಿಸಿ. ಪಾಠದ ತಯಾರಿಯನ್ನೂ ಸೇರಿಸಲು ಸಂಕೋಚ ಬೇಡ. ಕಾಯ್ದೆ ಹೇಳುವ ವಾರದ 45 ಗಂಟೆಗಳಲ್ಲಿ ತಯಾರಿಯ ಸಮಯವೂ ಸೇರಿದೆ. ಹೊಸ ಸಭೆಗೆ ತಾನಾಗಿಯೇ ಬೀಳುವ ಅವಧಿಯನ್ನು ಸೆಟ್ಟಿಂಗ್ಸ್‌ನಲ್ಲಿ ಕಡಿಮೆ ಮಾಡಬಹುದು. ಅರ್ಧ ಗಂಟೆಯ ಸಭೆಯನ್ನು 25 ನಿಮಿಷಕ್ಕೂ ಒಂದು ಗಂಟೆಯದನ್ನು 50 ನಿಮಿಷಕ್ಕೂ ಇಳಿಸುವ ಆಯ್ಕೆಯೂ ಇದೆ. (ಸಭೆ ನಡೆಸುವವರು ಅದನ್ನು ಪಾಲಿಸುತ್ತಾರೆಯೇ ಎಂಬುದು ಬೇರೆ ಪ್ರಶ್ನೆ.) ಬೇರೆಯವರು ಕಳಿಸುವ ಆಹ್ವಾನಗಳು ನೀವು ಉತ್ತರಿಸಿದ ಮೇಲೆ ಮಾತ್ರ ಸೇರುವಂತೆ ಮಾಡುವುದನ್ನು ಮರೆಯಬೇಡಿ.

“ಇಷ್ಟೆಲ್ಲ ನಾವೇಕೆ ಹೇಳಬೇಕು, ಅದೇ ಕಲಿತುಕೊಳ್ಳುವುದಿಲ್ಲವೇ?” ಎಂದು ಕೆಲವರು ಕೇಳುತ್ತಾರೆ. ಕಲಿಯುತ್ತದೆ, ಆದರೆ ನಿಮ್ಮ ನಿನ್ನೆಗಳಿಂದ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ಮತ್ತು ಸಂಗಡಿಗರು ಇಂಥದ್ದೊಂದು ಪ್ರೋಗ್ರಾಂ ರೂಪಿಸಿ, ಅದರ ಅನುಭವವನ್ನು 1994ರಲ್ಲಿ ಪ್ರಕಟಿಸಿದರು. ಅದರ ಹೆಸರು ‘ಕ್ಯಾಲೆಂಡರ್ ಅಪ್ರೆಂಟಿಸ್’. ಹಗಲಿನಲ್ಲಿ ಸಭೆಗೆ ದಿನ, ವೇಳೆ, ಸ್ಥಳ, ಅವಧಿ ಸೂಚಿಸುವುದು. ಬಳಸುವವರು ಒಪ್ಪಿದ್ದನ್ನೂ ತಿದ್ದಿದ್ದನ್ನೂ ನೋಡಿ ರಾತ್ರಿ ಹೊಸ ನಿಯಮ ಕಟ್ಟಿಕೊಳ್ಳುವುದು. ಒಳ್ಳೆಯ ವಿದ್ಯಾರ್ಥಿಯೇ ಸರಿ. ಆದರೆ ಹೊಸ ಸೆಮಿಸ್ಟರ್ ಆರಂಭವಾದೊಡನೆ ಅದರ ಸೂಚನೆಗಳು ಹೆಚ್ಚು ತಪ್ಪುತ್ತಿದ್ದವು. ಜನರ ವೇಳಾಪಟ್ಟಿ ಬದಲಾಗಿತ್ತು, ಅದರ ನಿಯಮಗಳು ಹಳೆಯವಾಗಿದ್ದವು. ನಮ್ಮ ಶಾಲೆಗಳಲ್ಲೂ ಪ್ರತಿ ವರ್ಷ ಹೀಗೆಯೇ ಅಲ್ಲವೇ? ಇನ್ನೂ ಒಂದು ಮಾತು. ಪಾಠ ಬಿಟ್ಟು ಸಭೆಗೆ ಹೋಗುವುದೇ ನಿಮ್ಮ ರೂಢಿಯೆಂದು ಕಂಡರೆ, ಕಲಿಯುವ ಯಂತ್ರ ಅದನ್ನೇ ನಿಮ್ಮ ಇಷ್ಟವೆಂದು ಕಲಿತೀತು.

ಸಭೆ ಕರೆಯುವವರಿಗೂ ಇದು ಅನ್ವಯಿಸುತ್ತದೆ. ಕ್ಲಸ್ಟರಿನ ಎಲ್ಲ ಶಿಕ್ಷಕರೂ ‘ಬಿಡುವು, ಬಿಡುವಿಲ್ಲ’ ಎಂಬಷ್ಟನ್ನು ಮಾತ್ರ ಕಾಣುವಂತೆ ಕ್ಯಾಲೆಂಡರ್ ಹಂಚಿಕೊಳ್ಳಬಹುದು. ಉಳಿದ ವಿವರಗಳು ಯಾರಿಗೂ ಕಾಣಬೇಕಿಲ್ಲ. ಆಗ ಎಲ್ಲರಿಗೂ ಹೊಂದುವ ವೇಳೆ ಶಾಲೆ ಬಿಟ್ಟ ಮೇಲಿನದೆಂದು ತೆರೆಯೇ ತೋರಿಸುತ್ತದೆ. ಏಕೋಪಾಧ್ಯಾಯ ಶಾಲೆಯ ಸಾಲನ್ನು ಮೊದಲು ನೋಡಿ. ಅಲ್ಲಿ ಶಿಕ್ಷಕರು ಹೊರಟರೆ ಶಾಲೆಯೇ ನಿಂತಂತೆ.

ಮರುಕಳಿಸುವ ಅವಧಿಗಳಿಗೆ ಶೈಕ್ಷಣಿಕ ವರ್ಷದ ಕೊನೆಯ ದಿನಾಂಕವನ್ನು ಕೊಟ್ಟುಬಿಡಿ. ಜೂನ್‌ನಲ್ಲಿ ಹೊಸ ವೇಳಾಪಟ್ಟಿ ಗೋಡೆಗೆ ಏರಿದ ದಿನವೇ ಮೊಬೈಲಿಗೂ ಏರಿಸಿ. ಅರ್ಧ ಗಂಟೆಯ ಕೆಲಸ.